ಅದುರೋದು ಅಜ್ಜಿ ಮನೆ ಗೋಡೆ, ನಡುಕ ಮಾತ್ರ ಲೀಡರುಗಳಿಗೆ!

ಈ ವಾರ ನಿಮ್ಮ ಫೋನಿಗೆ ಬಂದ ಸುದ್ದಿಗಳ ತಲೆಬರಹ ಒಂದ್ಸಲ ಮೇಲಿಂದ ಕೆಳಕ್ಕೆ ನೋಡಿ. ಒಬ್ಬರು ಬ್ರಹ್ಮಾಸ್ತ್ರ ಬಿಟ್ಟಿರುತ್ತಾರೆ. ಇನ್ನೊಬ್ಬರಿಗೆ ಅದು ತಿರುಗುಬಾಣ ಆಗಿರುತ್ತದೆ. ಮೂರನೆಯವರ ಬತ್ತಳಿಕೆಯಲ್ಲಿ ಇನ್ನೂ ಅಸ್ತ್ರಗಳು ಉಳಿದಿವೆಯಂತೆ. ಎದುರು ಪಾಳಯದಲ್ಲಿ ನಡುಕ ಶುರುವಾಗಿದೆಯಂತೆ. ಒಳಗೆ ಓದಿದರೆ ಏನಿದೆ? ಯಾರೋ ಯಾರಿಗೋ ಒಂದು ಪತ್ರ ಬರೆದಿದ್ದಾರೆ, ಇಲ್ಲಾ ಒಂದು ಸಭೆಗೆ ಬಂದಿಲ್ಲ. ಅಷ್ಟೇ.

ಬಾಣ ಹೊಡೆಯದವರ ಕೈಗೆಲ್ಲ ಬಿಲ್ಲು ಕೊಟ್ಟಿದ್ದೇವೆ, ನಡುಗದವರ ಮೈಗೆಲ್ಲ ನಡುಕ ತುಂಬಿದ್ದೇವೆ. ಆದರೆ ನಿಜವಾಗಿ ಅದುರುವ ಮನೆಯ ಸುದ್ದಿ ಬರೆಯುವಾಗ ಅದೇ ಪದ ನಮ್ಮ ಕೈಗೆ ಬರುವುದಿಲ್ಲ. ಇದು ತಪ್ಪು ಅಂತ ಹೇಳುವುದಕ್ಕೇ ಈ ಬರಹ. ಬೇರೆಯವರನ್ನು ಬೈಯುವ ಮೊದಲು ನಮ್ಮನ್ನೇ ಬೈದುಕೊಳ್ಳುತ್ತೇವೆ, ಯಾಕೆಂದರೆ ಈ ತಪ್ಪು ನಾವೇ ಮಾಡಿದ್ದೇವೆ.

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಗಣಿ ಗುಡ್ಡದ ಮಗ್ಗುಲಿನ ಒಂದು ಹಳ್ಳಿಗೆ ನಾವು ಹೋಗಿದ್ದೆವು. ಒಬ್ಬ ಅಜ್ಜಿ ಜಗಲಿ ಮೇಲೆ ಕೂರಿಸಿ ಹೇಳಿದರು: "ಮನೆ ಅದುರ್ತದೆ ಕಣ್ ಮಗಾ. ಅಟ್ಟದ ಮ್ಯಾಲಿನ ಕಾಯೆಲ್ಲ ಯಾರೂ ಮುಟ್ದೆ ಲೊಡಲೊಡ ಅಂತವೆ. ಗೂಡಿನ ಲೋಟ ಗಲಗಲ ಅಂತವೆ. ಆಮ್ಯಾಕೆ ನಾಯಿ ಬೊಗಳ್ತವೆ." ನಾವು ತಲೆ ಆಡಿಸಿ ಬರೆದುಕೊಂಡೆವು. ವಾಪಸ್ ಬಂದು ಹಾಕಿದ್ದು ಏನು? "ಗಣಿ ಸ್ಫೋಟ: ಗ್ರಾಮಸ್ಥರಲ್ಲಿ ಆತಂಕ."

ಅಜ್ಜಿಯ ಮೊಮ್ಮಗ ಅದನ್ನು ಓದಿ ಹೇಳಿದನಂತೆ. ಮುಂದಿನ ಸಲ ಹೋದಾಗ ಅಜ್ಜಿ ಕೇಳಿದರು: "ನಂಗ್ಯಾವ ಆತಂಕ ಮಗಾ? ಅದುರಿದ್ದು ಗೋಡೆ. ನೀವು ನನ್ನ ಹೆದರುಪುಕ್ಲಿ ಮಾಡ್ಬಿಟ್ರಿ."

ಅಜ್ಜಿ ಹೇಳಿದ್ದೇ ಸರಿ. ಅವರು ಕೊಟ್ಟಿದ್ದು ಸಾಕ್ಷಿ. ನಾವು ಅದನ್ನು ಅವರ ಮನಸ್ಸಿನ ಕಾಯಿಲೆ ಮಾಡಿದೆವು. ಕೊಬ್ಬರಿ ನಾಡಿನವರಿಗೆ ಲೊಡಲೊಡ ಅಂದರೆ ಏನು ಅಂತ ವಿವರಿಸಬೇಕಾ? ಹತ್ತು ತಿಂಗಳು ಅಟ್ಟದ ಮೇಲಿದ್ದ ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಗಿಟುಕು ಚಿಪ್ಪು ಬಿಟ್ಟಿದ್ದರೆ ಲೊಡಲೊಡ ಅನ್ನುತ್ತದೆ, ಕೊಬ್ಬರಿ ಆಗಿದೆ ಅಂತ ಗೊತ್ತಾಗುತ್ತದೆ. ಆ ಸದ್ದು ಬರಬೇಕಾದರೆ ಕೈಯಲ್ಲಿ ಎಷ್ಟು ಜೋರಾಗಿ ಅಲ್ಲಾಡಿಸಬೇಕು ಅಂತ ಇಲ್ಲಿನ ಮಕ್ಕಳಿಗೂ ಗೊತ್ತು. ಯಾರೂ ಮುಟ್ಟದೆ ಅಟ್ಟದ ಕಾಯೆಲ್ಲ ಹಾಗೆ ಅಂದವು ಅಂದರೆ ಮನೆ ಎಷ್ಟು ಅಲ್ಲಾಡಿತು ಅಂತ ಅಜ್ಜಿ ಅಳತೆ ಸಮೇತ ಹೇಳಿದ್ದರು.

ನಮ್ಮ ಮಾತಿನಲ್ಲಿ ಈ ಪದಗಳು ಒಂದೊಂದೂ ಬೇರೆ ಬೇರೆ. ಚಳಿಗೆ, ಜ್ವರಕ್ಕೆ, ಹೆದರಿಕೆಗೆ ಮೈ ನಡುಗುತ್ತದೆ. ತುಟಿ, ಕಣ್ಣಿನ ರೆಪ್ಪೆ, ನೆಲ, ಗೋಡೆ ಅದುರುತ್ತವೆ. ಬುಡ ಸಡಿಲವಾದ ಹಲ್ಲು, ಕಂಬ ಅಲ್ಲಾಡುತ್ತವೆ. ಗಾಳಿಗೆ ತೆಂಗಿನ ಮರ ತೂಗುತ್ತದೆ, ಆದರೆ ಅದು ನಡುಗಿತು ಅಂತ ಯಾರೂ ಹೇಳುವುದಿಲ್ಲ. ಅಳುಕು ಮನಸ್ಸಿನದು, ಬೆಚ್ಚುವುದು ಒಂದೇ ಕ್ಷಣದ್ದು. ಇಷ್ಟನ್ನೂ ಒಂದೇ ಮೂಟೆಗೆ ತುಂಬಿ 'ಕಂಪನ' ಅಂತ ಚೀಟಿ ಅಂಟಿಸುವುದು ಕಚೇರಿ ಕನ್ನಡ. 'ಆತಂಕ' ಅಂತ ಅಂಟಿಸುವುದು ನಮ್ಮ ಪತ್ರಿಕೆ ಕನ್ನಡ.

ಇನ್ನೊಂದು ಪದ ನೋಡಿ: ಅದಿರು. ಹಳೆಯ ಕನ್ನಡದಲ್ಲಿ ಅದಿರು ಅಂದರೆ ನಡುಗು ಅಂತಲೇ ಅರ್ಥ. ಗುಡ್ಡದಿಂದ ಲಾರಿಯಲ್ಲಿ ಹೋಗುವುದೂ ಅದಿರೇ, ಕಬ್ಬಿಣದ ಅದಿರು. ಎರಡಕ್ಕೂ ಬೇರು ಒಂದೇ ಅಂತ ನಾವು ಹೇಳುತ್ತಿಲ್ಲ. ಆದರೆ ಚಿಕ್ಕನಾಯಕನಹಳ್ಳಿಯಲ್ಲಿ ಎರಡೂ ಒಂದೇ ಗುಡ್ಡದಿಂದ ಬರುತ್ತವೆ. ಅದಿರು ಲಾರಿ ಹತ್ತಿ ಊರು ಬಿಡುತ್ತದೆ, ಅದುರುವುದು ಮಾತ್ರ ಊರಲ್ಲೇ ಉಳಿಯುತ್ತದೆ.

ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಆಗಸ್ಟ್ 26ಕ್ಕೆ ಅದೇ ಆದೇಶ ತುಮಕೂರು, ಚಿತ್ರದುರ್ಗಕ್ಕೂ ಬಂತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಣಿಗಳನ್ನು ಎ, ಬಿ, ಸಿ ಅಂತ ವಿಂಗಡಿಸಿ, ಅಕ್ರಮ ಹೆಚ್ಚಿದ್ದ ಸಿ ಗುಂಪಿನ ಗುತ್ತಿಗೆ ರದ್ದು ಮಾಡಿದರು. ಉಳಿದವು ಷರತ್ತಿನ ಮೇಲೆ ತೆರೆಯಬಹುದು ಅಂದರು. ವರ್ಷಕ್ಕೆ ಇಷ್ಟೇ ಅದಿರು ತೆಗೆಯಬೇಕು ಅಂತ ಮಿತಿಯನ್ನೂ ಹಾಕಿದ್ದರು. 2022ರ ಆಗಸ್ಟಿನಲ್ಲಿ ತುಮಕೂರು, ಚಿತ್ರದುರ್ಗ ಎರಡೂ ಸೇರಿದ ಆ ಮಿತಿ 70 ಲಕ್ಷ ಟನ್‌ನಿಂದ 150 ಲಕ್ಷ ಟನ್‌ಗೆ ಏರಿತು. ಎರಡು ಪಟ್ಟಿಗಿಂತ ಜಾಸ್ತಿ. ಗುಡ್ಡದ ಪಕ್ಕದ ಮನೆಯವರ ಮಾತು ಸರಿಯಾಗಿ ದಾಖಲಾಗಬೇಕಾದ ಕಾಲ ಇದು.

"ಅಧಿಕಾರಿಗಳಿಗೆ ಅಳತೆ ಬೇಕು, ಅಜ್ಜಿಯ ಲೊಡಲೊಡ ತಗೊಂಡು ಏನ್ ಮಾಡ್ತಾರೆ?" ಅಂತ ನೀವು ಕೇಳಬಹುದು. ಅಳತೆ ಇದೆ, ಬೇಡ ಅನ್ನುತ್ತಿಲ್ಲ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆ ಪ್ರಕಾರ, ಗಣಿಯವರಿಗೆ ಸೇರದ ವಾಸದ ಮನೆಗಳ ಹತ್ತಿರ ಸ್ಫೋಟದ ಕಂಪನ ಸೆಕೆಂಡಿಗೆ 5 ಮಿಲಿಮೀಟರಿನಿಂದ 15 ಮಿಲಿಮೀಟರ್ ದಾಟಬಾರದು. ಕಂಪನ ನಿಧಾನದ್ದಾದಷ್ಟೂ ಮಿತಿ ಕಡಿಮೆ. ಆದರೆ ಯಂತ್ರ ಇಟ್ಟ ದಿನ ಮಾತ್ರ ಯಂತ್ರ ಅಳೆಯುತ್ತದೆ. ಅಜ್ಜಿ ದಿನಾ ಅಲ್ಲೇ ಇರುತ್ತಾರೆ. ಯಾವತ್ತು, ಎಷ್ಟು ಹೊತ್ತಿಗೆ, ಮನೆಯಲ್ಲಿ ಯಾವುದು ಹೇಗೆ ಸದ್ದು ಮಾಡಿತು ಅಂತ ಹೇಳಬಲ್ಲವರು ಅವರೊಬ್ಬರೇ. ಯಂತ್ರ ಯಾವ ಮನೆಯಲ್ಲಿ, ಯಾವ ಹೊತ್ತಿಗೆ ಇಡಬೇಕು ಅಂತ ಗೊತ್ತಾಗಬೇಕಾದರೂ ಅವರ ಮಾತೇ ಬೇಕು. 'ಆತಂಕ' ಅಂತ ಬರೆದರೆ ಯಂತ್ರ ತರುವವರಿಲ್ಲ, ಸಮಾಧಾನ ಹೇಳಿ ಕಳಿಸುತ್ತಾರೆ.

"ಗಣಿಯಿಂದ ಕೆಲಸ ಸಿಕ್ಕಿಲ್ವಾ?" ಅನ್ನುವವರೂ ಇದ್ದಾರೆ. ಸಿಕ್ಕಿದೆ. ನಮ್ಮ ಜೊತೆ ಓದಿದವರೇ ಲಾರಿ ಓಡಿಸುತ್ತಾರೆ. ಅವರ ಸಂಬಳದ ಮೇಲೆ ನಮಗೆ ಸಿಟ್ಟಿಲ್ಲ. ಸಂಬಳ ಬಂತು ಅನ್ನುವ ಕಾರಣಕ್ಕೆ ಗೋಡೆ ಅದುರಲಿಲ್ಲ ಅಂತ ಬರೆಯಲಿಕ್ಕಾಗುವುದಿಲ್ಲ, ಅಷ್ಟೇ ನಮ್ಮ ತಕರಾರು.

ಈಗ ಬಿಲ್ಲು ಬಾಣದ ವಿಷಯಕ್ಕೆ ಬರೋಣ. ಅಂಬು, ಕಣೆ, ಸರಳು, ಹೆದೆ, ಬತ್ತಳಿಕೆ, ಈಟಿ, ಭರ್ಜಿ, ಸುರಗಿ, ಗುರಾಣಿ. ಇವೆಲ್ಲ ಸತ್ತ ಪದಗಳು, ಈಗ ರಾಜಕೀಯಕ್ಕೆ ಮಾತ್ರ ಉಪಯೋಗ ಅಂತ ಕಾಲೇಜಿನಲ್ಲಿ ನಾವೂ ಅಂದುಕೊಂಡಿದ್ದೆವು. ಊರಿಗೆ ಬಂದ ಮೇಲೆ ಗೊತ್ತಾಯಿತು, ಸತ್ತಿಲ್ಲ. ವಿಜಯದಶಮಿ ದಿನ ಬನ್ನಿ ಮರದ ಹತ್ತಿರ ಅಂಬು ಹೊಡೆಯುವ ಊರುಗಳು ನಮ್ಮ ಕಡೆ ಇನ್ನೂ ಇವೆ. ದೇವರ ಮುಂದೆ ಒಡೆಯುವ ಈಡುಗಾಯಿಯಲ್ಲಿ 'ಈಡು' ಇದೆ. ಈಡು ಅಂದರೆ ಎಸೆತ, ಹೊಡೆತ. ಬೇಟೆಯವರು ಕೋವಿಯ ಹೊಡೆತಕ್ಕೂ ಈಡು ಅನ್ನುತ್ತಿದ್ದರು. ಬಾಣದ ಹಿಂದೆ ಕಟ್ಟುತ್ತಿದ್ದದ್ದು ಗರಿ, ನಮ್ಮ ತೆಂಗಿನ ಮರದ್ದೂ ಗರಿ. ಹಳೆಗನ್ನಡದಲ್ಲಿ ಬಾಣ ಬಿಡುವುದಕ್ಕೆ 'ಎಸು' ಅನ್ನುತ್ತಿದ್ದರು, ನಾವು ಇವತ್ತು ಕಲ್ಲು ಎಸೆಯುತ್ತೇವೆ. ಹೊಲ ಕಾಯುವಾಗ ಹಕ್ಕಿ ಓಡಿಸಿದ್ದು ಕವಣೆ. ಕೆರೆ ಏರಿ ಮೇಲೆ, ಊರ ಬಾಗಿಲಲ್ಲಿ ನಿಂತ ವೀರಗಲ್ಲುಗಳನ್ನು ನೋಡಿ, ದನ ಕಾಯಲು ಹೋಗಿ ಸತ್ತವನ ಕೈಯಲ್ಲಿ ಬಿಲ್ಲು ಇರುತ್ತದೆ. ಅವನು ಬಿಟ್ಟ ಬಾಣ ನಿಜದ್ದು. ಎದುರಿಗೆ ಬಂದ ಸಾವೂ ನಿಜದ್ದು.

ಇನ್ನು ಆ ತಿರುಗುಬಾಣ. ಅದು ಬಾಣವೇ ಅಲ್ಲ. ಆಸ್ಟ್ರೇಲಿಯಾದ ಮೂಲನಿವಾಸಿಗಳು ಎಸೆಯುವ ಬಾಗಿದ ಕೋಲು, ಬೂಮರಾಂಗ್. ಅದಕ್ಕೆ ಯಾರೋ ಕನ್ನಡದಲ್ಲಿ ಬಾಣ ಅಂತ ಹೆಸರಿಟ್ಟರು. ನಮ್ಮ ಅಂಬು ತಿರುಗಿ ಬರುವುದಿಲ್ಲ. ಆಡಿದ ಮಾತು, ಬಿಟ್ಟ ಬಾಣ ಹಿಂದಕ್ಕೆ ಬಾರದು ಅಂತ ಹಿರಿಯರು ಹೇಳಿದ್ದು ಅದಕ್ಕೇ. ಲೀಡರುಗಳು ಮಾತ್ರ ಬೆಳಿಗ್ಗೆ ಬಿಟ್ಟ ಬಾಣವನ್ನು ಸಾಯಂಕಾಲ "ಹಾಗೆ ಹೇಳಿಲ್ಲ" ಅಂತ ವಾಪಸ್ ತಗೊಳ್ಳುತ್ತಾರೆ. ಅದಕ್ಕೆ ಬ್ರಹ್ಮಾಸ್ತ್ರ ಅನ್ನುವ ಹೆಸರು ಬೇರೆ.

ಹೋಲಿಕೆ ಮಾಡಬಾರದು ಅಂತ ನಾವು ಹೇಳುತ್ತಿಲ್ಲ. ಹೋಲಿಕೆ ಇಲ್ಲದೆ ಕನ್ನಡವೇ ಇಲ್ಲ. ಆದರೆ ದಿನಾ ಯಾರದೋ ಪಾಳಯದಲ್ಲಿ ನಡುಕ ಅಂತ ಓದಿ ಓದಿ, ನಿಜವಾಗಿ ನೆಲ ಅದುರಿತು ಅಂತ ಯಾರಾದರೂ ಹೇಳಿದರೆ ಅದೂ ಮಾತಿಗೆ ಹೇಳಿದ್ದು ಅನ್ನಿಸಿಬಿಡುತ್ತದೆ. ಪದ ಸವೆದರೆ ಮೊದಲು ನಷ್ಟ ಆಗುವುದು ಆ ಪದ ಬಿಟ್ಟರೆ ಬೇರೆ ಸಾಕ್ಷಿ ಇಲ್ಲದವರಿಗೆ.

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು ತೀ.ನಂ. ಶ್ರೀಕಂಠಯ್ಯ. 'ರಾಷ್ಟ್ರಪತಿ' ಅನ್ನುವ ಪದ ಕೊಟ್ಟವರು ಅಂತ ನಾಡು ಅವರನ್ನು ನೆನೆಯುತ್ತದೆ. ದೇಶದ ದೊಡ್ಡ ಕುರ್ಚಿಗೆ ಪದ ಕೊಟ್ಟ ತಾಲ್ಲೂಕಿನ ಒಬ್ಬ ಅಜ್ಜಿಯ ಪದ ಸರ್ಕಾರಿ ಕಡತಕ್ಕೆ ಹೋಗಲಾರದೇ?

ಹೋಗಬಹುದು. ಕಾನೂನೇ ಹೇಳುತ್ತದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆಯನ್ನು ವಿಡಿಯೊ ಮಾಡಬೇಕು. ಜನ ಹೇಳಿದ್ದನ್ನೆಲ್ಲ ಸರಿಯಾಗಿ ದಾಖಲಿಸಿ, ಸಭೆಯ ಕೊನೆಗೆ ಅದನ್ನು ಜನರ ಮುಂದೆ ಓದಿ, ಅವರ ಭಾಷೆಯಲ್ಲೇ ತಿಳಿಸಬೇಕು. ಒಪ್ಪಿಗೆಯಾದ ನಡಾವಳಿಗೆ ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅವತ್ತೇ ಸಹಿ ಹಾಕಬೇಕು. ಆದ್ದರಿಂದ ಊಟಕ್ಕೆ ಅಂತ ಅರ್ಧಕ್ಕೆ ಎದ್ದು ಬರಬೇಡಿ. ಓದುವ ತನಕ ಕೂತಿರಿ. ನೀವು 'ಗೋಡೆ ಅದುರಿತು' ಅಂದಿದ್ದರೆ ಅಲ್ಲಿ 'ಅದುರಿತು' ಅಂತಲೇ ಇರಲಿ. 'ಆತಂಕ ವ್ಯಕ್ತಪಡಿಸಿದರು' ಅಂತ ಓದಿದರೆ ಕೈ ಎತ್ತಿ, ತಿದ್ದಿಸಿ.

ಅದಕ್ಕೂ ಮೊದಲು ಮನೆಯಲ್ಲಿ ಒಂದು ನೋಟ್ ಬುಕ್ ಇಡಿ. ತಾರೀಖು, ಹೊತ್ತು, ಅಟ್ಟದಲ್ಲಿ, ಗೂಡಿನಲ್ಲಿ, ಗೋಡೆಯಲ್ಲಿ ಏನಾಯಿತು, ಯಾವ ಸದ್ದು ಬಂತು ಅಂತ ನಿಮ್ಮ ಮಾತಿನಲ್ಲೇ ಬರೆಯಿರಿ. ಬಿರುಕು ಬಿಟ್ಟಿದ್ದರೆ ಪಕ್ಕದಲ್ಲಿ ಒಂದು ಬೆಂಕಿಪೊಟ್ಟಣ ಇಟ್ಟು ಫೋಟೊ ತೆಗೆಯಿರಿ, ಮುಂದಿನ ತಿಂಗಳು ಅದೇ ಜಾಗದಲ್ಲಿ ಮತ್ತೊಂದು.

ನಮ್ಮ ಪಾಲಿನದ್ದನ್ನೂ ಹೇಳಿಬಿಡುತ್ತೇವೆ. ಇನ್ನು ಮುಂದೆ ಇಲ್ಲಿ ಯಾವ ಲೀಡರೂ ಬಾಣ ಬಿಡುವುದಿಲ್ಲ, ಯಾವ ಪಾಳಯದಲ್ಲೂ ನಡುಕ ಹುಟ್ಟುವುದಿಲ್ಲ. ಅವರು ಪತ್ರ ಬರೆದರೆ ಪತ್ರ ಬರೆದರು ಅಂತ ಹಾಕುತ್ತೇವೆ. ಅಜ್ಜಿಯ ಸುದ್ದಿಯ ತಲೆಬರಹವನ್ನು ತಿದ್ದಿದ್ದೇವೆ. ಈಗ ಅದು ಹೀಗಿದೆ: "ಗಣಿ ಸ್ಫೋಟಕ್ಕೆ ಮನೆ ಅದುರುತ್ತದೆ, ಅಟ್ಟದ ಕಾಯಿ ಲೊಡಲೊಡ ಅನ್ನುತ್ತವೆ." ಮೊಮ್ಮಗ ಓದಿ ಹೇಳಿದನಂತೆ. "ಈಗ ಸರಿಯಾಗದೆ" ಅಂದರಂತೆ ಅಜ್ಜಿ.