ಪಂದ್ಯ ಮುಗಿದ ಮೇಲೆ ಮನೆಗೆ ಮರಳುವುದೆಂತು?

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಕ್ರಿಕೆಟ್ ವಿಜಯೋತ್ಸವದ ಕಾಲ್ತುಳಿತಕ್ಕೆ 11 ಮಂದಿ ಬಲಿಯಾದರು. ಅಂದು ಸಮೀಪದ ಕಬ್ಬನ್ ಪಾರ್ಕ್, ವಿಧಾನಸೌಧ ಮೆಟ್ರೋ ನಿಲ್ದಾಣಗಳಲ್ಲಿ ರೈಲು ನಿಲ್ಲದಂತೆ ಮಾಡಲಾಯಿತು. ಹೊಸದಾಗಿ ಬರುವವರನ್ನು ತಡೆಯಲು ಅದು ಸರಿಯೇ. ಆದರೆ ನೆರೆದವರು ಮರಳುವುದೆಂತು?

ಲಂಡನ್ನಿನ ವೆಂಬ್ಲಿಯಲ್ಲಿ 90 ಸಾವಿರ ಆಸನಗಳಿವೆ. ಫುಟ್ಬಾಲ್ ಪಂದ್ಯ ಮುಗಿದೊಡನೆ ಜನರನ್ನು ನಿಲ್ದಾಣದ ಹೊರಗಿನ ವಿಶಾಲ ಹಾದಿಯಲ್ಲೇ ತಡೆದು, ತಂಡತಂಡವಾಗಿ ಒಳಬಿಡುತ್ತಾರೆ. ಮೆಟ್ಟಿಲಲ್ಲಿ ನೂಕುನುಗ್ಗಲಾದ ಬಳಿಕ ಲಾಠಿ ಬೀಸುವುದಕ್ಕಿಂತ ಇದು ಎಷ್ಟೋ ಮಾನವೀಯ.

ಕಬಕ ಪುತ್ತೂರಿನಲ್ಲೋ, ಕಡಬ ತಾಲೂಕಿನ ಸುಬ್ರಹ್ಮಣ್ಯ ರೋಡ್‌ನಲ್ಲೋ ರೈಲು ಹತ್ತಿ (ಸುಳ್ಯಕ್ಕಂತೂ ರೈಲೇ ಇಲ್ಲ) ಬೆಂಗಳೂರಿಗೆ ಪಂದ್ಯ ನೋಡಹೋಗುವ ನಮ್ಮ ಮಕ್ಕಳಿಗೆ ಆ ನಗರದ ಓಣಿಗಳ ಪರಿಚಯವಿರುವುದಿಲ್ಲ. ಆದ್ದರಿಂದ ಪಂದ್ಯಕ್ಕೆ ಅನುಮತಿ ನೀಡುವ ಮೊದಲೇ ಸಂಘಟಕರು, ಪೊಲೀಸರು, ಮೆಟ್ರೋ ಅಧಿಕಾರಿಗಳು ಒಟ್ಟಾಗಿ ಕುಳಿತು, ಜನರನ್ನು ಎಲ್ಲಿ ನಿಲ್ಲಿಸುವುದು, ಹೆಚ್ಚುವರಿ ರೈಲುಗಳನ್ನು ಎಷ್ಟು ಹೊತ್ತಿನವರೆಗೆ ಓಡಿಸುವುದು ಎಂಬುದನ್ನು ನಿರ್ಧರಿಸಿ ಪ್ರಕಟಿಸಲಿ.