ಮನಃಶಾಸ್ತ್ರದ ಓದು: ಹೊಸ್ತಿಲನ್ನೇ ಮನೆಯೆಂದು ತಿಳಿಯದಿರೋಣ

ಪಿಯುಸಿ ಫಲಿತಾಂಶ ಬಂದಾಗ ಹೆತ್ತವರು ನಮ್ಮಲ್ಲಿ ಕೇಳುವ ಪ್ರಶ್ನೆಗಳಿಗೆ ಇತ್ತೀಚೆಗೆ ಇನ್ನೊಂದು ಸೇರಿದೆ: "ಮಗಳು ಮನಃಶಾಸ್ತ್ರ ಓದುತ್ತೇನೆ ಅನ್ನುತ್ತಾಳೆ ಫಾದರ್, ಅದರಿಂದ ಕೆಲಸ ಸಿಗುತ್ತದೆಯೇ?" ಪ್ರಶ್ನೆ ನ್ಯಾಯವಾದುದೇ. ಆದರೆ ಒಂದೇ ಮಾತಿನ ಉತ್ತರ ಅದಕ್ಕಿಲ್ಲ.

ಈ ಶಾಸ್ತ್ರ ನಮ್ಮ ನಾಡಿಗೆ ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿಯೇ ಡಾ. ಎಂ.ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರ ವಿಭಾಗವನ್ನು ಕಟ್ಟಿದರು. 1974ರಲ್ಲಿ ಬೆಂಗಳೂರಿನಲ್ಲಿ ನಿಮ್ಹಾನ್ಸ್ ರೂಪುಗೊಂಡಿತು. ಆದರೂ ಮೂರು ವರ್ಷಗಳ ಪದವಿ ಮುಗಿದೊಡನೆ ಮಕ್ಕಳು ಚಿಕಿತ್ಸೆ ನೀಡಬಲ್ಲರೆಂದು ನಂಬಿರುವ ಮನೆಗಳು ಹಲವು.

ಇಲ್ಲಿ ಪದವಿ ಹೊಸ್ತಿಲು ಮಾತ್ರ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ವೃತ್ತಿ ನಡೆಸಲು 1992ರ ಕಾಯಿದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ನೋಂದಣಿಗೆ ಪರಿಷತ್ತು ಮನ್ನಣೆ ನೀಡಿದ ತರಬೇತಿ ಬೇಕು. ಬಹುಕಾಲ ಅದು ಸ್ನಾತಕೋತ್ತರ ಪದವಿಯ ನಂತರ ಆಸ್ಪತ್ರೆಯಲ್ಲಿ ಕಳೆಯುವ ಎರಡು ವರ್ಷಗಳ ಎಂ.ಫಿಲ್. ಆಗಿತ್ತು. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2022ರಲ್ಲಿ ಎಂ.ಫಿಲ್. ಪದವಿಯನ್ನು ಕೈಬಿಟ್ಟಿತು, ಬಳಿಕ ಈ ವಿಷಯಕ್ಕೆ 2025-26ರವರೆಗೆ ವಿನಾಯಿತಿ ನೀಡಿತು. ನಿಯಮಗಳು ಹೀಗೆ ಬದಲಾಗುತ್ತಿರುವಾಗ, ಶುಲ್ಕ ಕಟ್ಟುವ ಮೊದಲು ಆಯಾ ವರ್ಷದ ಮನ್ನಣೆಯನ್ನು ಪರಿಷತ್ತಿನ ಪಟ್ಟಿಯಲ್ಲಿಯೇ ನೋಡಿಕೊಳ್ಳುವುದು ಲೇಸು. ಜಾಹೀರಾತು ಪ್ರಮಾಣವಲ್ಲ. ನೋಂದಣಿಯಿಲ್ಲದೆ ವೃತ್ತಿ ನಡೆಸಿದವರಿಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಲು ಕಾಯಿದೆಯಲ್ಲಿ ಅವಕಾಶವಿದೆ. ಕೆಲವೇ ವಾರಗಳ ಸರ್ಟಿಫಿಕೇಟು ಹಿಡಿದು ಬೋರ್ಡು ತೂಗುಹಾಕುವುದು ನೊಂದ ಮನಸ್ಸುಗಳೊಡನೆ ಆಡುವ ಆಟವೇ ಸರಿ.

ಚಿಕಿತ್ಸೆಯೊಂದೇ ದಾರಿಯಲ್ಲ. ಶಾಲೆಗಳಲ್ಲಿ ಆಪ್ತಸಮಾಲೋಚನೆ, ವಿಶೇಷ ಮಕ್ಕಳ ಶಿಕ್ಷಣ, ಮನೋವೈದ್ಯಕೀಯ ಸಮಾಜಕಾರ್ಯ, ಕಂಪನಿಗಳ ಸಿಬ್ಬಂದಿ ವಿಭಾಗ – ಇವೆಲ್ಲ ಗೌರವದ ಉದ್ಯೋಗಗಳೇ. ಪ್ರತಿಯೊಂದಕ್ಕೂ ಬೇರೆ ಬೇರೆ ಸಿದ್ಧತೆ ಬೇಕು. ಗಣಿತಕ್ಕೆ ಹೆದರಿ ಮನಃಶಾಸ್ತ್ರ ಆರಿಸಿಕೊಂಡವರಿಗೆ ಅಲ್ಲಿ ಸಂಖ್ಯಾಶಾಸ್ತ್ರ ಎದುರಾಗುತ್ತದೆ. ನರವಿಜ್ಞಾನವಂತೂ ಜೀವಶಾಸ್ತ್ರ, ಗಣಿತ, ಕಂಪ್ಯೂಟರ್ ಮೂರನ್ನೂ ಬೇಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಂಜಿನಿಯರಿಂಗ್ ಓದಿದವರೂ ಮೆದುಳಿನ ಸಂಶೋಧನೆ ನಡೆಸುತ್ತಾರೆ. ಆ ದಾರಿ ಪಿಎಚ್.ಡಿ.ಯವರೆಗೆ ಸಾಗುವಂಥದು.

ನಮ್ಮನ್ನು ಕಾಡುವ ಸಂಗತಿ ಇನ್ನೊಂದಿದೆ. ಮಗನ ಓದಿಗಾಗಿ ಏಳು ವರ್ಷ ಕಾಯುವ ಮನೆಗಳಲ್ಲಿ ಮಗಳ ಐದನೆಯ ವರ್ಷಕ್ಕೇ ಮದುವೆಯ ಮಾತು ಏಳುತ್ತದೆ. ಎಂ.ಎ. ಮುಗಿದು, ತರಬೇತಿ ದೊರೆಯದೆ, ಅವಳ ಓದು ಅಲ್ಲಿಗೇ ನಿಲ್ಲುತ್ತದೆ. "ಹುಚ್ಚರ ನಡುವೆ ಕೆಲಸವೇ?" ಎಂಬ ನೆಂಟರ ಕುಹಕ ಬೇರೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ ಹತ್ತು ಮಂದಿ ವಯಸ್ಕರಲ್ಲಿ ಒಬ್ಬರು ಮನೋವ್ಯಾಧಿಯಿಂದ ಬಳಲುತ್ತಿದ್ದರು. ಅವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಆ ಹತ್ತರಲ್ಲಿ ಒಬ್ಬರು ನಮ್ಮ ನೆರೆಯವರೂ ಆಗಿರಬಹುದು, ನಮ್ಮ ಮನೆಯವರೂ ಆಗಿರಬಹುದು.

ಆದ್ದರಿಂದ ಹೆತ್ತವರೇ, ಸೀಟಿಗೆ ಅರ್ಜಿ ಹಾಕುವ ಮುನ್ನವೇ ಮಕ್ಕಳೊಡನೆ ಕುಳಿತು ವರ್ಷಗಳನ್ನೂ ವೆಚ್ಚವನ್ನೂ ಲೆಕ್ಕ ಹಾಕಿರಿ. ಒಪ್ಪಿಗೆ ಕೊಡುವುದಾದರೆ ಏಳು ವರ್ಷಗಳಿಗೂ ಕೊಡಿರಿ.