ಆರು ಆಜ್ಞೆಗಳ ಒಂದು ಸಾಲು

ಒಂದು ಬರಹದಲ್ಲಿ ಅತಿ ಹೆಚ್ಚು ಸಲ ಬರುವ ಪದಗಳು ಯಾವುವು, ಯಾವುದು ಎಷ್ಟು ಸಲ ಬಂದಿದೆ? ಇದನ್ನು ಲೆಕ್ಕ ಹಾಕುವ ಪ್ರೋಗ್ರಾಂ ಒಂದನ್ನು ಬರೆದುಕೊಡುವಂತೆ ಅಂಕಣಕಾರ ಜಾನ್ ಬೆಂಟ್ಲಿ ಅವರು ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ ಅವರನ್ನು ಕೇಳಿದ್ದರು. ಕನೂತ್ ಹಲವು ಪುಟಗಳ ಸೊಗಸಾದ ಪ್ರೋಗ್ರಾಂ ಬರೆದರು. 1986ರಲ್ಲಿ ಬೆಂಟ್ಲಿಯವರ ಅಂಕಣದಲ್ಲಿ ಅದು ಅಚ್ಚಾದಾಗ, ಜೊತೆಗೆ ವಿಮರ್ಶೆ ಬರೆದ ಬೆಲ್ ಲ್ಯಾಬ್ಸ್‌ನ ಡಗ್ ಮ್ಯಾಕಿಲ್ರಾಯ್ ಅದೇ ಕೆಲಸವನ್ನು ಯೂನಿಕ್ಸ್ ಕಾರ್ಯಾಚರಣ ವ್ಯವಸ್ಥೆಯ ಆರು ಆಜ್ಞೆಗಳ ಸಾಲಿನಲ್ಲಿ ಮುಗಿಸಿ ತೋರಿಸಿದರು. ಇದನ್ನು ಒಬ್ಬ ಚತುರನ ಕೈಚಳಕವೆಂದು ಹೇಳಿಕೊಂಡು ಬರುವವರೇ ಹೆಚ್ಚು. ನನಗೆ ಕಾಣುವಂತೆ ಆ ಚಾತುರ್ಯವೆಲ್ಲ ಹತ್ತು ಹದಿಮೂರು ವರ್ಷ ಮೊದಲೇ, ಹಲವರು ಹಂಚಿಕೊಂಡ ಒಂದು ಪುಟ್ಟ ಯಂತ್ರದ ಇಕ್ಕಟ್ಟಿನಲ್ಲಿ ರೂಪುಗೊಂಡಿತ್ತು.

ಆ ಸಾಲನ್ನು ಬಿಡಿಸಿ ನೋಡೋಣ. ಮೊದಲ ಆಜ್ಞೆ ‘ಟಿಆರ್’ ಅಕ್ಷರವಲ್ಲದ್ದನ್ನೆಲ್ಲ ಅಳಿಸಿ ಸಾಲಿಗೊಂದು ಪದ ಇಡುತ್ತದೆ. ಮತ್ತೊಂದು ‘ಟಿಆರ್’ ದೊಡ್ಡಕ್ಷರಗಳನ್ನು ಚಿಕ್ಕವಾಗಿಸುತ್ತದೆ. ‘ಸಾರ್ಟ್’ ಅಕಾರಾದಿಯಾಗಿ ಜೋಡಿಸುತ್ತದೆ, ‘ಯುನಿಕ್’ ಒಂದೇ ತೆರನ ಸಾಲುಗಳನ್ನು ಎಣಿಸುತ್ತದೆ. ಇನ್ನೊಂದು ‘ಸಾರ್ಟ್’ ಎಣಿಕೆಯ ಇಳಿಕೆಯಲ್ಲಿ ಇಡುತ್ತದೆ, ‘ಸೆಡ್’ ಬೇಕಾದಷ್ಟನ್ನು ತೋರಿಸಿ ನಿಲ್ಲುತ್ತದೆ. ಇಲ್ಲಿ ‘ಯುನಿಕ್’ ನೋಡುವುದು ಅಕ್ಕಪಕ್ಕದ ಸಾಲುಗಳನ್ನು ಮಾತ್ರ. ಹಿಂದಿನ ಒಂದು ಸಾಲು ನೆನಪಿದ್ದರೆ ಅದಕ್ಕೆ ಸಾಕು. ಜೋಡಿಸುವ ಹೊಣೆ ‘ಸಾರ್ಟ್’ನದು. ಈ ಮಿತವ್ಯಯಕ್ಕೆ ಕಾರಣವಿತ್ತು. 1974ರಲ್ಲಿ ಯೂನಿಕ್ಸ್ ಕುರಿತ ಪ್ರಸಿದ್ಧ ಲೇಖನ ಬಂದಾಗ ಆ ವ್ಯವಸ್ಥೆ ಓಡುತ್ತಿದ್ದ ಪಿಡಿಪಿ-11/45 ಯಂತ್ರದ ಸ್ಮೃತಿ 144 ಕಿಲೋಬೈಟ್. ಅದರಲ್ಲಿ 42 ಯೂನಿಕ್ಸ್‌ಗೇ ಬೇಕಿತ್ತು. ಉಳಿದದ್ದರಲ್ಲಿ ಹಲವರ ಕೆಲಸ ಸಾಗಬೇಕು. ಅಂಥಲ್ಲಿ ಎಲ್ಲವನ್ನೂ ತಾನೇ ಮಾಡುವ ದೊಡ್ಡ ಪ್ರೋಗ್ರಾಂಗೆ ಜಾಗವೇ ಇರಲಿಲ್ಲ. ತೋಟದ ಪೈಪುಗಳ ಹಾಗೆ ಪ್ರೋಗ್ರಾಂಗಳನ್ನೂ ಒಂದಕ್ಕೊಂದು ಸಿಕ್ಕಿಸುವಂತಿರಬೇಕು ಎಂದು ಮ್ಯಾಕಿಲ್ರಾಯ್ 1964ರಲ್ಲೇ ಬರೆದಿದ್ದರು. ಯೂನಿಕ್ಸ್ ಕಟ್ಟಿದವರಲ್ಲೊಬ್ಬರಾದ ಕೆನ್ ಥಾಂಪ್ಸನ್ 1973ರಲ್ಲಿ ಹೀಗೆ ಸಿಕ್ಕಿಸುವ ಸೌಲಭ್ಯವನ್ನು ಅದಕ್ಕೆ ಸೇರಿಸಿದರು. ಅಲ್ಲಿಂದಾಚೆಗೆ ಒಬ್ಬರು ಬರೆದಿಟ್ಟ ಸಣ್ಣ ಸಾಧನ, ಬರೆದವರು ಊಹಿಸದ ಕೆಲಸಕ್ಕೂ ಇನ್ನೊಬ್ಬರ ಕೈಗೆ ಒದಗತೊಡಗಿತು.

ಕನೂತ್, ಮ್ಯಾಕಿಲ್ರಾಯ್ ಇಬ್ಬರ ಈ ಹೋಲಿಕೆಯೇ ಸರಿಯಲ್ಲ ಎಂಬ ಆಕ್ಷೇಪವಿದೆ, ಅದರಲ್ಲಿ ಹುರುಳೂ ಇದೆ. ಕನೂತ್‌ಗೆ ಒಪ್ಪಿಸಿದ್ದು ಓದುಗನಿಗೆ ವಿವರಿಸುತ್ತ ಪ್ರೋಗ್ರಾಂ ಬರೆಯುವ ತಮ್ಮ ವಿಧಾನವನ್ನು ಮಾಡಿ ತೋರಿಸುವ ಕೆಲಸ. ಚುಟುಕುತನದ ಸ್ಪರ್ಧೆ ಅದಾಗಿರಲಿಲ್ಲ. ಬರೀ ಎಣಿಕೆಗಾಗಿ ಎಲ್ಲ ಪದಗಳನ್ನೂ ಜೋಡಿಸುವುದು ದುಂದು ಎಂಬುದೂ ನಿಜ. ಆದರೆ ಒಂದೆರಡು ಸಲ ಕೇಳಿ ಬಿಡುವ ಪ್ರಶ್ನೆಗೆ ಯಂತ್ರದ ಕೆಲವು ನಿಮಿಷಗಳಿಗಿಂತ ಕೇಳುವವರ ದಿನಗಳೇ ದುಬಾರಿ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಕನ್ನಡದ್ದು. ಆ ಮೊದಲ ಆಜ್ಞೆಗೆ ಅಕ್ಷರವೆಂದರೆ ಇಂಗ್ಲಿಷಿನ ಇಪ್ಪತ್ತಾರೇ. ಕನ್ನಡ ಪುಟ ಕೊಟ್ಟರೆ ಒಂದು ಪದವೂ ಉಳಿಯದು. ಈ ಕುರುಡನ್ನು ನಾನು ಸಣ್ಣದೆನ್ನಲಾರೆ. ಆದರೂ ಬದಲಿಸಬೇಕಾದದ್ದು ಎಷ್ಟು ನೋಡಿ: ಅಕ್ಷರಗಳನ್ನು ಹೆಸರಿಸುವ ಬದಲು ಖಾಲಿ ಜಾಗ ಮತ್ತು ವಿರಾಮಚಿಹ್ನೆ ಇದ್ದಲ್ಲಿ ಮುರಿಯಲು ಹೇಳಿದರೆ ಮೊದಲ ಹೆಜ್ಜೆ ಸರಿಹೋಗುತ್ತದೆ. ನಮ್ಮಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳಿಲ್ಲ, ಹಾಗಾಗಿ ಎರಡನೆಯದು ಬೇಡ. ಉಳಿದ ನಾಲ್ಕನ್ನು ಮುಟ್ಟಬೇಕಿಲ್ಲ. ‘ಮನೆಗೆ’, ‘ಮನೆಯಲ್ಲಿ’, ‘ಮನೆಯಿಂದ’ ಬೇರೆ ಬೇರೆ ಪದಗಳೆಂದೇ ಎಣಿಕೆಯಾಗುತ್ತವೆ, ನಿಜ. ವಿಭಕ್ತಿ ಪ್ರತ್ಯಯ ಕಳಚುವ ಸಾಧನವೊಂದನ್ನು ಯಾರಾದರೂ ಬರೆದರೆ, ತೆರವಾದ ಆ ಎರಡನೆಯ ಸ್ಥಾನದಲ್ಲೇ ಅದನ್ನು ಸಿಕ್ಕಿಸಬಹುದು.